ಸೀಗಡಿಗಳ ಯೋಗಕ್ಷೇಮ

ಸಿಟಿ ಬಸ್ಸುಗಳಲ್ಲಿ ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆ ಮಾಡಿದ ಮನುಷ್ಯನಿಗೆ ಈ ಲೋಕದಲ್ಲಿ ಬೆಚ್ಚಿಬೀಳುವಂಥದ್ದು ಇನ್ನೇನೂ ಉಳಿದಿರುವುದಿಲ್ಲ ಎಂದು ಚೆಕಿಂಗ್ ಸಾರ್ ನಂಬಿದ್ದರು. ಸತ್ತ ತಾತನ ಪಾಸು ತೋರಿಸಿ ಪ್ರಯಾಣ ಮಾಡುವವರನ್ನು ಅವರು ನೋಡಿದ್ದರು. ಎದುರಿಗೇ ಹಳೇ ಟಿಕೆಟ್ ಬಾಯಿಗೆ ಹಾಕಿಕೊಂಡು ನುಂಗಿದವನನ್ನು ನೋಡಿದ್ದರು. ಸೀಟಿನ ಸಂದಿಯಲ್ಲಿ ಕುಗ್ಗಿ ಕೂತಿದ್ದ ಒಬ್ಬನನ್ನು ಕಾಲರ್ ಹಿಡಿದೆತ್ತಿದರೆ ಅವನು ಸ್ವಂತ ಷಡ್ಡಕ. ಅವನನ್ನೂ ಮುಲಾಜಿಲ್ಲದೆ ಮುಂದಿನ ನಿಲ್ದಾಣದಲ್ಲಿ ಇಳಿಸಿದ್ದರು. ನಿವೃತ್ತರಾಗಿ ನಾಲ್ಕು ವರ್ಷವಾದರೂ ಅವರಿದ್ದ ನಾಲ್ಕು ಮಹಡಿಯ ಕಟ್ಟಡದಲ್ಲಿ ಎಲ್ಲರಿಗೂ ಅವರು ಚೆಕಿಂಗ್ ಸಾರೇ. ಯಾರು ಏನೇ ಹೇಳಿದರೂ ಮೊದಲು ಹುಬ್ಬೆತ್ತಿ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಿದ್ದರು. ಆಮೇಲೆ ಮಾತು.

ಅಂಥವರನ್ನು ಮೊದಲ ಸಲ ಬೆಚ್ಚಿಬೀಳಿಸಿದ್ದು, ಮಂಡಿ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ ಹೆಂಡತಿ.

"ರೀ, ನಾಳೆಯಿಂದ ಕೆಳಗಿನವರಿಗೆ ಊಟ ನೀವೇ ಹಾಕಬೇಕು," ಅಂದರು ಆಕೆ, ಹಾಸಿಗೆಯ ಮೇಲೆ ದಿಂಬು ಸರಿಮಾಡಿಕೊಳ್ಳುತ್ತ.

"ಯಾವ ಕೆಳಗಿನವರಿಗೆ? ಟೈಲರಮ್ಮಂಗಾ?"

"ಸೀಗಡಿಗೆ. ಬಸವನಹುಳುಗೆ. ಮೀನೂ ಇವೆ ಅನ್ನಿ, ಅವು ಹೇಗೋ ಗಿಟ್ಟಿಸಿಕೊಳ್ತವೆ. ಪಾಪ, ಇವುಗಳಿಗೆ ಬಾಯಿ ಜೋರಿಲ್ಲ." ತಲೆದಿಂಬಿನ ಕೆಳಗಿಂದ ನಾಲ್ಕಾಗಿ ಮಡಿಸಿದ ಒಂದು ಚೀಟಿ ತೆಗೆದು ಕೊಟ್ಟರು. "ಇದರಲ್ಲಿ ಎಲ್ಲ ಬರೆದಿದೀನಿ. ಬರೆದಷ್ಟೇ ಮಾಡಿ, ಆಯ್ತಾ?"

ಕಟ್ಟಡದ ನೆಲಮಹಡಿಯಲ್ಲಿ, ಅಂಚೆ ಡಬ್ಬಿಗಳ ಪಕ್ಕ ಒಂದು ಉದ್ದನೆಯ ಗಾಜಿನ ತೊಟ್ಟಿ ಇರುವುದು ಚೆಕಿಂಗ್ ಸಾರ್‌ಗೆ ಗೊತ್ತಿತ್ತು. ಯಾರೋ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಬಿಟ್ಟುಹೋದದ್ದು, ಈಗ ಅದು ಎಲ್ಲರದ್ದು, ಅಂದರೆ ಯಾರದ್ದೂ ಅಲ್ಲ ಎಂಬುದು ಅವರ ತಿಳಿವಳಿಕೆ. ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದರೂ ಅದರೊಳಗೆ ಏನಿದೆಯೆಂದು ಬಗ್ಗಿ ನೋಡಿದವರಲ್ಲ. ಅದಕ್ಕೂ ತಮ್ಮ ಹೆಂಡತಿಗೂ ಎಲ್ಲಿಯ ಸಂಬಂಧ?

ಚೀಟಿ ಬಿಡಿಸಿದರು. ಶಾಲೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಸಹಾಯಕಿಯಾಗಿದ್ದವರ ಅಕ್ಷರ. ಗೆರೆ ಹಾಕಿದ ಹಾಗೆ ನೇರ. 'ಬೆಳಿಗ್ಗೆ ಏಳಕ್ಕೆ. ಮೊದಲು ಮೀನಿಗೆ ಎರಡು ಚಿಟಿಕೆ, ಎಡಗಡೆ ಮೂಲೆಯಲ್ಲಿ. ಅವು ಅಲ್ಲಿ ಮುತ್ತಿಕೊಂಡ ಮೇಲೆ ಬಲಗಡೆ ಸೀಗಡಿಯ ಊಟದ ಬಿಲ್ಲೆ ಮೂರು. ದಿನ ಬಿಟ್ಟು ದಿನ, ಬೇಯಿಸಿ ಆರಿಸಿದ ಸೌತೆಕಾಯಿ ಒಂದು ಹೋಳು, ಚಮಚಕ್ಕೆ ಕಟ್ಟಿ ಮುಳುಗಿಸುವುದು. ಮಧ್ಯಾಹ್ನ ತೆಗೆಯುವುದು. ಮೆಟ್ಟಿಲ ಕೆಳಗಿನ ಬಕೆಟ್ಟಿನ ನೀರು ತೊಟ್ಟಿಗೆ ಮಾತ್ರ, ಕಾಲು ತೊಳೆಯಲು ಅಲ್ಲ.' ಕೊನೆಯಲ್ಲಿ ಎರಡು ಗೆರೆ ಎಳೆದು: 'ಬೇರೆ ಏನೂ ಹಾಕಬೇಡಿ.'

ಮಾರನೇ ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಎರಡು ಡಬ್ಬಿ ಹಿಡಿದು ಲಿಫ್ಟಿನಿಂದ ಹೊರಬಂದರು. ವಾಚ್‌ಮನ್ ಎದ್ದು ನಿಂತ.

"ಟ್ಯಾಂಕಮ್ಮ ಹೇಗಿದಾರೆ ಸಾರ್?"

"ಯಾರಪ್ಪ ಟ್ಯಾಂಕಮ್ಮ?"

ವಾಚ್‌ಮನ್ ಅವರ ಮುಖವನ್ನೂ ಕೈಯಲ್ಲಿದ್ದ ಡಬ್ಬಿಗಳನ್ನೂ ನೋಡಿ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಎದುರಿನ ಪುಟ್ಟ ಅಂಗಡಿಯ ಬಾಗಿಲು ತೆಗೆದು, ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಓಡಿ ಬಂದಳು. "ಅಕ್ಕಂಗೆ ಆಪರೇಷನ್ ಇವತ್ತಂತಾ? ಅವರಿಲ್ದೆ ನಮಗೆ ಬೆಳಗೇ ಆದ ಹಾಗಿಲ್ಲ ನೋಡಿ. ಸಾರ್, ನೀವೂ ಅಕ್ಕನ ಥರ ಹೇಳಿ ಹಾಕ್ತೀರಾ?"

"ಏನು ಹೇಳಿ?"

"ಊಟ ಹಾಕುವಾಗ ಅಕ್ಕ ನಿಮ್ಮ ಥರಾನೇ ಹುಬ್ಬೆತ್ತಿ, ದನಿ ದಪ್ಪ ಮಾಡಿ, 'ಟಿಕೆಟ್, ಟಿಕೆಟ್! ಪಾಸು ಇರೋರು ಪಾಸು ತೋರ್ಸಿ!' ಅಂತಾರಲ್ಲ. ಬಸವನಹುಳು ನಿಧಾನಕ್ಕೆ ಬಂದ್ರೆ 'ಏನಯ್ಯಾ, ಈಗ ಇಳಿಯೋ ಹೊತ್ನಲ್ಲಿ ಹತ್ತಾ ಇದೀಯಾ?' ಅಂತಾರೆ. ಆರು ವರ್ಷದಿಂದ ದಿನಾ ಇದೇ, ನಕ್ಕೂ ನಕ್ಕೂ ನಮಗೆ ಹೊಟ್ಟೆ ಹುಣ್ಣಾಗುತ್ತೆ!"

ಚೆಕಿಂಗ್ ಸಾರ್ ಕೈಯಲ್ಲಿ ಡಬ್ಬಿ ಹಿಡಿದು ಕಂಬದ ಹಾಗೆ ನಿಂತರು. ಮೂವತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿ, ಮನೆಯಲ್ಲಿ ಎಣಿಸಿ ನಾಲ್ಕು ಮಾತಾಡುವವರು, ಇಲ್ಲಿ ಕೆಳಗೆ ಬಂದು ಗಂಡನ ಅಣಕು ಮಾಡಿ ಕಟ್ಟಡವನ್ನೇ ನಗಿಸುತ್ತಾರೆ! ಅದೂ ಒಂದು ದಿನವಲ್ಲ, ಆರು ವರ್ಷದಿಂದ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬರೀ ದಿಗಿಲು. ಕಣ್ಣೆದುರೇ ಆರು ವರ್ಷ ಟಿಕೆಟ್ಟಿಲ್ಲದೆ ಓಡಾಡಿದ ಒಬ್ಬ ಪ್ರಯಾಣಿಕಳು ಕಣ್ಣು ತಪ್ಪಿಸಿದ್ದು ಹೇಗೆ?

ಆದರೂ ಬರೆದದ್ದನ್ನು ಬರೆದಂತೆ ಮಾಡಿದರು. ತೊಟ್ಟಿಯ ಮುಚ್ಚಳ ಎತ್ತಿದಾಗ ಅದರ ಒಳಮೈಗೆ ಯಾರೋ ಗುಲಾಬಿ ಬಣ್ಣದ ಚೂಯಿಂಗ್ ಗಮ್ ಅಂಟಿಸಿದ್ದು ಕಂಡಿತು. ಬಸ್ಸಿನ ಸೀಟುಗಳಲ್ಲಿ ಈ ಚಾಳಿ ನೋಡಿ ನೋಡಿ ರೋಸಿದವರು ಅವರು. ಬೀಗದ ಕೈಯಿಂದ ಕೆರೆದು ಕಸದ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಎಡಕ್ಕೆ ಎರಡು ಚಿಟಿಕೆ ಉದುರಿಸಿದರು. ಬೆರಳುದ್ದದ ಮೀನುಗಳೆಲ್ಲ ಆ ಮೂಲೆಗೆ ನುಗ್ಗಿದವು. ಬಲಕ್ಕೆ ಮೂರು ಬಿಲ್ಲೆ ಬಿಟ್ಟರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಬೇರಿನ ಸಂದಿಯಿಂದ, ಎಲೆಯ ಅಡಿಯಿಂದ, ಕಲ್ಲಿನ ಹಿಂದಿನಿಂದ ಒಂದೊಂದೇ ಕೆಂಪು ಚುಕ್ಕೆ ಹೊರಟಿತು. ಸೀಗಡಿಗಳು! ಉಗುರಿನಷ್ಟುದ್ದದ ಜೀವ, ಅದಕ್ಕೆ ಮೀಸೆ, ಅದಕ್ಕೆ ಸೂಜಿಯ ಮೊನೆಯಷ್ಟು ಕೈ. ಆ ಕೈಗಳಿಂದ ಬಿಲ್ಲೆಯನ್ನು ಚಿವುಟಿ ಚಿವುಟಿ, ಒಂದು ಕೈ ಬಾಯಿಗೆ ಹೋಗುವಷ್ಟರಲ್ಲಿ ಇನ್ನೊಂದು ಕೈ ಚಾಚಿ, ಉಸಿರಾಡಲೂ ಬಿಡುವಿಲ್ಲದವರ ಹಾಗೆ ತಿನ್ನುತ್ತಿದ್ದವು. ಅಷ್ಟು ಹೊತ್ತಿಗೆ ನಿಂಬೆಹಣ್ಣಿನ ಗಾತ್ರದ ಹಳದಿ ಬಸವನಹುಳು ಒಂದು ಗಾಜಿನ ಮೇಲಿಂದ ಕೈಬಿಟ್ಟು, ಧುಮುಕಿದಂತೆ ತೇಲಿಕೊಂಡು ನೇರ ಅವುಗಳ ಮಧ್ಯೆ ಇಳಿಯಿತು. ಎಂಟು ಗಂಟೆಗೆ ವಾಚ್‌ಮನ್ ಬಂದು, "ಸಾರ್, ಕುರ್ಚಿ ತರ್ಲಾ?" ಎಂದು ಕೇಳಿದಾಗಲೇ ತಾವು ಒಂದು ಗಂಟೆಯಿಂದ ನಿಂತೇ ಇದ್ದೇವೆಂದು ಅವರಿಗೆ ಗೊತ್ತಾಗಿದ್ದು.

ದಿನಾ ಆಸ್ಪತ್ರೆಗೆ ಹೋದರೆ ಹೆಂಡತಿಯ ಮೊದಲ ಪ್ರಶ್ನೆ, "ಹೇಗಿದಾವೆ?"

"ಇದಾವೆ," ಅನ್ನುತ್ತಿದ್ದರು. ಅಣಕಿನ ಸಂಗತಿ ಎತ್ತಲಿಲ್ಲ. ಪೂರ್ತಿ ಪುರಾವೆ ಸಿಗುವವರೆಗೆ ಬಾಯಿಬಿಡದಿರುವುದು ಅವರ ಕಸುಬಿನ ಗುಣ.

ಐದನೇ ದಿನ ಮೀನುಗಳ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಕಂಡವು. ಎರಡು ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಯಾವುದೋ ಕಾಯಿಲೆ, ಸಂಶಯವೇ ಇಲ್ಲ. ಹೆಂಡತಿಗೆ ಹೇಳಿ ಗಾಬರಿ ಯಾಕೆ ಮಾಡಬೇಕು, ಆಕೆ ಬರುವಷ್ಟರಲ್ಲಿ ವಾಸಿ ಮಾಡಿ ತೋರಿಸಿದರಾಯಿತು ಎಂದುಕೊಂಡರು. ಅದರಲ್ಲಿ ಒಂದಿಷ್ಟು ಜಂಬವೂ ಇತ್ತು. ಎರಡು ಬೀದಿ ದಾಟಿ ಮೀನಿನ ಸಾಮಾನಿನ ಅಂಗಡಿಗೆ ಹೋಗಿ ಬಿಳಿ ಚುಕ್ಕೆಗೆ ಮದ್ದು ಕೇಳಿದರು.

"ಮೀನಿಗೆ ತಾನೇ?" ಅಂದ ಅಂಗಡಿಯವನು.

"ಮೀನಿಗೇ."

ನೀಲಿ ಔಷಧದ ಒಂದು ಬಾಟಲಿ ಕೊಟ್ಟ. 'ಬೇರೆ ಏನೂ ಹಾಕಬೇಡಿ' ಎಂಬ ಎರಡು ಗೆರೆಯ ಮಾತು ನೆನಪಾಗದೆ ಇರಲಿಲ್ಲ. ಆದರೆ ಅದು ಊಟದ ಮಾತು, ಇದು ಮದ್ದು ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಬೇಗ ಗುಣವಾಗಲೆಂದು ಒಂದು ಮುಚ್ಚಳ ಹೆಚ್ಚಾಗಿಯೇ ಸುರಿದು, ಕಡ್ಡಿಯಿಂದ ಕಲಕಿ, ಮನೆಗೆ ಹೋಗಿ ಊಟ ಮಾಡಿ ಆಸ್ಪತ್ರೆಗೆ ಹೋದರು.

ಸಂಜೆ ಆರಕ್ಕೆ ತಿರುಗಿ ಬಂದಾಗ ತೊಟ್ಟಿಯಲ್ಲಿ ಜಾತ್ರೆಯೇ ನಡೆದಿತ್ತು. ಯಾವತ್ತೂ ಕೂತಲ್ಲಿ ಕೂತು ಮೇಯುವ ಸೀಗಡಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಮೇಲಕ್ಕೂ ಕೆಳಕ್ಕೂ ಬಾಣದ ಹಾಗೆ ಹಾರುತ್ತಿದ್ದವು. 'ನೋಡು, ಮದ್ದು ಹಾಕಿದ್ದೇ ತಡ, ಇವಕ್ಕೂ ಎಷ್ಟು ಚುರುಕು ಬಂತು!' ಎಂದು ಚೆಕಿಂಗ್ ಸಾರ್ ಖುಷಿಪಟ್ಟರು. ಆ ಖುಷಿ ನೆನೆಸಿಕೊಂಡರೆ ಇವತ್ತಿಗೂ ಅವರ ಮೈ ಜುಮ್ಮೆನ್ನುತ್ತದೆ. ಇನ್ನೂ ಹತ್ತಿರ ಬಗ್ಗಿದಾಗ ಕೆಳಗೆ ಮರಳಿನ ಮೇಲೆ ಅಡ್ಡಬಿದ್ದ ಸೀಗಡಿಗಳು ಕಂಡವು. ಹತ್ತಲ್ಲ, ಹನ್ನೆರಡಲ್ಲ. ಕೆಂಪೆಲ್ಲ ಇಳಿದು ಸುಣ್ಣದ ಬಿಳುಪು. ಬಸವನಹುಳುಗಳು ಒಂದೂ ನೀರಿನಲ್ಲಿರಲಿಲ್ಲ. ಎಲ್ಲವೂ ಗಾಜು ಹತ್ತಿ, ಮುಚ್ಚಳದ ಅಂಚಿಗೆ ಬಂದು, ಹೊರಗೆ ದಾರಿಯಿದೆಯೇ ಎಂದು ಕೊಂಬು ಚಾಚಿ ತಡಕುತ್ತಿದ್ದವು. ಒಂದು ಆಗಲೇ ಹೊರಬಿದ್ದು, ಚಿಪ್ಪು ಒಡೆದು, ನೆಲದ ಮೇಲಿತ್ತು.

ಅವರಿಗೆ ಕೂಗಬೇಕೆನಿಸಿತು. ವಾಚ್‌ಮನ್ ಅವರ ಮುಖ ನೋಡಿ, ಇವರಿಗೇ ಏನೋ ಆಯಿತೆಂದು ಹೆದರಿ ಟೈಲರಮ್ಮನನ್ನು ಕರೆದ.

ಅವಳು ಬಂದವಳೇ ಒಂದು ಸಲ ತೊಟ್ಟಿ ನೋಡಿದಳು. "ಏನು ಹಾಕಿದ್ರಿ?"

ಅವರು ಜೇಬಿನಿಂದ ಬಾಟಲಿ ತೆಗೆದು ಕೊಟ್ಟರು. ಅವಳು ಕನ್ನಡಕ ಏರಿಸಿಕೊಂಡು ಹಿಂಬದಿಯ ಸಣ್ಣಕ್ಷರ ಗಟ್ಟಿಯಾಗಿ ಓದಿದಳು: "'ತಾಮ್ರದ ಅಂಶವಿದೆ. ಸೀಗಡಿ, ಬಸವನಹುಳು ಇರುವ ತೊಟ್ಟಿಯಲ್ಲಿ ಬಳಸಬಾರದು.' ಅಯ್ಯೋ ಸಾರ್! ಓದಲಿಲ್ವಾ?"

ಓಡುವ ಬಸ್ಸಿನಲ್ಲಿ, ಸಂಜೆಗತ್ತಲಲ್ಲಿ, ಪಾಸಿನ ಮೇಲೆ ಉಗುರಿನಿಂದ ತಿದ್ದಿದ ತಾರೀಕನ್ನು ಹಿಡಿದ ಕಣ್ಣು ಅವರದ್ದು. ಓದಿರಲಿಲ್ಲ.

ಮುಂದಿನದ್ದೆಲ್ಲ ಟೈಲರಮ್ಮನೇ ಮಾಡಿದಳು. ಮೆಟ್ಟಿಲ ಕೆಳಗೆ ಇಟ್ಟಿದ್ದ ಬಕೆಟ್ಟಿನ ನೀರನ್ನು ತನ್ನ ಅಂಗಡಿಯ ಟಬ್ಬಿಗೆ ಸುರಿದು, ಬಲೆಯಲ್ಲಿ ಇನ್ನೂ ಮಿಸುಕುತ್ತಿದ್ದವನ್ನೆಲ್ಲ ಎತ್ತೆತ್ತಿ ಅದಕ್ಕೆ ಬಿಟ್ಟಳು. ಚೆಕಿಂಗ್ ಸಾರ್ ಒಂದು ತಟ್ಟೆ ಹಿಡಿದು ಸತ್ತವನ್ನು ತೆಗೆದರು. ಒಂದೊಂದೂ ಎರಡೆರಡು ಸಲ ಜಾರಿ ಬಿತ್ತು. ಅರವತ್ತರ ಮೇಲಿದ್ದ ಸೀಗಡಿಗಳಲ್ಲಿ ಹನ್ನೊಂದು ಉಳಿದವು. ಹತ್ತೊಂಬತ್ತು ಬಸವನಹುಳುಗಳಲ್ಲಿ ಮೂರು. ಯಾರಿಗಾಗಿ ಮದ್ದು ತಂದರೋ ಆ ಮೀನುಗಳು ಮಾತ್ರ ಆರಾಮಾಗಿ ಈಜಾಡುತ್ತಿದ್ದವು.

"ಇದನ್ನೆಲ್ಲ ಅವಳು ನನಗೆ ಒಂದು ಮಾತು ಹೇಳಿದ್ರೆ ಹೀಗಾಗ್ತಿತ್ತಾ?" ಅಂದರು ಅವರು, ಮೆಟ್ಟಿಲ ಮೇಲೆ ಕೂತು. ದನಿ ಅವರದ್ದಾಗಿರಲಿಲ್ಲ. "ಆರು ವರ್ಷ ಮುಚ್ಚಿಟ್ಟಳಲ್ಲಮ್ಮ ನನ್ನಿಂದ."

ಟೈಲರಮ್ಮ ಬಲೆ ಹಿಡಿದ ಕೈ ತಡೆದಳು. "ಮುಚ್ಚಿಟ್ರಾ? ಅಕ್ಕ ದಿನಾ ನಿಮಗೆ ಹೇಳ್ತಾರಂತಲ್ಲ ಸಾರ್? ಯಾವುದು ಮರಿ ಹಾಕ್ತು, ಯಾವುದರ ಕೊಂಬು ಮುರೀತು, ಎಲ್ಲ. 'ನಮ್ಮೆಜಮಾನ್ರು ಪೇಪರ್ ಓದ್ತಾ ಹೂಂ ಹೂಂ ಅಂತಾರೆ, ಕಿವಿ ಮಾತ್ರ ಇನ್ನೂ ಡ್ಯೂಟಿ ಮೇಲಿದೆ' ಅಂತ ನಗ್ತಾರೆ. ಹೋದ್ವರ್ಷ ಆ ಮರಳಿನ ಮೂಟೆ ಅಂಗಡಿಯಿಂದ ಹೊತ್ಕೊಂಡು ಬಂದಿದ್ದೇ ನೀವು!"

ಮೂಟೆ ಹೊತ್ತದ್ದು ನೆನಪಿಗೆ ಬಂತು. ಭುಜ ನೋಯುತ್ತದೆಂದು ದಾರಿಯುದ್ದಕ್ಕೂ ಗೊಣಗಿದ್ದು ನೆನಪಿಗೆ ಬಂತು. ಹೂವಿನ ಕುಂಡಕ್ಕಿರಬೇಕು ಎಂದುಕೊಂಡಿದ್ದರು. ಆಕೆ ಆಗ ಪಕ್ಕದಲ್ಲಿ ನಡೆಯುತ್ತ ಏನೋ ಹೇಳುತ್ತಿದ್ದರು, ತಾವು ಹೂಂ ಅಂದಿದ್ದರು. ಏನು ಹೇಳುತ್ತಿದ್ದರು ಎಂದು ಎಷ್ಟು ತಡಕಿದರೂ ಒಂದು ಶಬ್ದ ಸಿಗಲಿಲ್ಲ. ಸೀಗಡಿಗಳ ತಟ್ಟೆ ತೊಡೆಯ ಮೇಲಿತ್ತು. ತೊಟ್ಟಿಯ ಮುಂದೆ ಕಂಡದ್ದಕ್ಕಿಂತ ದೊಡ್ಡ ಆಘಾತ ಆ ಮೆಟ್ಟಿಲ ಮೇಲೆ ಆಯಿತು ಅವರಿಗೆ.

ಟೈಲರಮ್ಮ ಫೋನ್ ತೆಗೆದಳು. "ಅಕ್ಕಂಗೆ ಹೇಳ್ಬಿಡ್ತೀನಿ."

"ಬೇಡಮ್ಮ, ನಿನ್ನ ದಮ್ಮಯ್ಯ. ಈಗ ತಾನೇ ಮಂಡಿ ಕೊಯ್ದಿದಾರೆ. ಬಿ.ಪಿ. ಏರಿದ್ರೆ? ನಾನೇ ಹೇಳ್ತೀನಿ, ಹೊತ್ತು ನೋಡಿ."

ಅವಳು ಒಪ್ಪಿದಳು. ಮನಸ್ಸಿಲ್ಲದ ಮನಸ್ಸಿನಿಂದ.

ಹೊತ್ತು ನೋಡುವುದರಲ್ಲೇ ನಾಲ್ಕು ದಿನ ಹೋಯಿತು. "ಹೇಗಿದಾವೆ?" ಎಂದು ಆಕೆ ಕೇಳಿದಾಗಲೆಲ್ಲ ನಾಲಿಗೆಯ ತುದಿಗೆ ಬಂದದ್ದು ಒಳಗೇ ಇಳಿದು, "ಇದಾವೆ" ಎಂಬ ಮಾತೇ ಹೊರಗೆ ಬರುತ್ತಿತ್ತು. ಟಿಕೆಟ್ ಈಗ ತಾನೇ ಕೈಯಲ್ಲಿತ್ತು ಸಾರ್, ಗಾಳಿಗೆ ಹಾರಿಹೋಯ್ತು ಅನ್ನುವವರ ಬೆವರು ಹಣೆಯ ಮೇಲೆ ಹೇಗೆ ಒಡೆಯುತ್ತದೆಂದು ಅವರಿಗೆ ಮೂವತ್ತೊಂದು ವರ್ಷದ ಅನುಭವ. ಆ ಬೆವರು ಈಗ ತಮ್ಮದೇ ಹಣೆಯ ಮೇಲೆ. "ಆ ಕೊಂಬು ಮುರಿದ ದೊಡ್ಡಪ್ಪ ಸೌತೆಕಾಯಿಗೆ ಬರ್ತಾನಾ?" ಎಂದು ಆಕೆ ಒಂದು ಸಂಜೆ ಕೇಳಿದರು. "ಬರ್ತಾನೆ," ಅಂದರು. ಆ ದೊಡ್ಡಪ್ಪನೇ ಅವತ್ತು ನೆಲಕ್ಕೆ ಬಿದ್ದು ಒಡೆದವನು.

ಹತ್ತನೇ ದಿನ ಆಸ್ಪತ್ರೆಯಿಂದ ಬಿಟ್ಟರು. ಹಿಂಬಾಗಿಲಿಂದ ನೇರ ಲಿಫ್ಟಿಗೆ ಕರೆದೊಯ್ದು, ಮನೆಯಲ್ಲಿ ಕೂರಿಸಿ, ಕಾಫಿ ಕೊಟ್ಟು ನಿಧಾನವಾಗಿ ಹೇಳುವುದೆಂದು ಚೆಕಿಂಗ್ ಸಾರ್ ದಾರಿಯೆಲ್ಲ ಯೋಜನೆ ಹಾಕಿದ್ದರು. ಕಾರು ನಿಂತಿತು. ಅವರು ಚೀಲ ಇಳಿಸುವಷ್ಟರಲ್ಲಿ ಆಕೆ ವಾಕರ್ ಊರಿಕೊಂಡು, ಟಕ್ ಟಕ್ ಎಂದು, ಅಂಚೆ ಡಬ್ಬಿಗಳ ಕಡೆ ಅರ್ಧ ದಾರಿ ಹೋಗಿಯಾಗಿತ್ತು.

ತೊಟ್ಟಿಯ ಮುಂದೆ ನಿಂತರು. ಗಾಜಿಗೆ ಮೂಗು ತಾಗುವ ಹಾಗೆ ಬಗ್ಗಿ ಬೇರಿನ ಸಂದಿ ನೋಡಿದರು, ಕಲ್ಲಿನ ಹಿಂದೆ ನೋಡಿದರು. ವಾಚ್‌ಮನ್ ಗೇಟಿನ ಕಡೆ ಮುಖ ತಿರುಗಿಸಿದ. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಎಲ್ಲಿ?" ಅಂದರು.

ಚೆಕಿಂಗ್ ಸಾರ್ ಹೇಳಿದರು. ಬಿಳಿ ಚುಕ್ಕೆ, ನೀಲಿ ಬಾಟಲಿ, ಒಂದು ಮುಚ್ಚಳ ಹೆಚ್ಚು. ಹೇಳಿ ತಲೆ ತಗ್ಗಿಸಿದರು.

ಆಕೆ ಒಂದು ಕೈಯಿಂದ ಮುಚ್ಚಳ ಎತ್ತಿ ಒಳಮೈ ನೋಡಿದರು. "ಇಲ್ಲಿ ಮೊಟ್ಟೆ ಇತ್ತಲ್ಲ? ಗುಲಾಬಿ ಬಣ್ಣದ್ದು, ಗೊಂಚಲು? ನೀರಿನ ಮೇಲಿತ್ತಲ್ಲ, ಅದಕ್ಕೇನೂ ಆಗಿರಲ್ಲ."

"ಅದು... ಅದು ಮೊಟ್ಟೆನಾ? ಚೂಯಿಂಗ್ ಗಮ್ ಅಂತ ಕೆರೆದು ಹಾಕಿದೆ. ಮೊದಲನೇ ದಿನಾನೇ."

ಆಗ ಆಕೆ ಕೂಗಿದರು. ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯುವಷ್ಟು ಜೋರು.

"ಗೊತ್ತಿಲ್ಲ ಅನ್ನೋ ಒಂದು ಮಾತು ನಿಮ್ಮ ಬಾಯಲ್ಲಿ ಬರಲ್ವೇನ್ರೀ? ಜೇಬಲ್ಲಿ ಫೋನಿರ್ಲಿಲ್ವಾ? ತಪ್ಪು ಯಾರು ಮಾಡಲ್ಲ ಹೇಳಿ? ನಾನೂ ಮೊದಲ ವರ್ಷ ನಲ್ಲಿ ನೀರು ಹಾಕಿ ಅರ್ಧ ಕೊಂದಿದೀನಿ. ಆದ್ರೆ ನಾಲ್ಕು ದಿನ! ನಾಲ್ಕು ದಿನ ಆ ಹಾಸಿಗೆ ಮೇಲೆ ಮಲಗಿ ನಾನು ಸತ್ತವರ ಯೋಗಕ್ಷೇಮ ವಿಚಾರಿಸ್ತಿದ್ದೆ, ನೀವು ಇದಾವೆ ಇದಾವೆ ಅಂತ ಕಣ್ಣಲ್ಲಿ ಕಣ್ಣಿಟ್ಟು ಹೇಳ್ತಿದ್ರಿ! ದೊಡ್ಡಪ್ಪ ಸೌತೆಕಾಯಿಗೆ ಬರ್ತಾನೆ ಅಂದ್ರಲ್ರೀ!"

ಕೂಗಿ ಕೂಗಿ ದನಿ ಒಡೆಯಿತು. ಟೈಲರಮ್ಮ ಓಡಿ ಬಂದು ಕುರ್ಚಿ ಹಾಕಿ ಕೂರಿಸಿದಳು. "ನಿನಗೂ ಗೊತ್ತಿತ್ತಾ?" ಎಂದು ಆಕೆ ಅವಳ ಕಡೆ ತಿರುಗಿದಾಗ ಅವಳೂ ಅತ್ತಳು. ಚೆಕಿಂಗ್ ಸಾರ್ ಎರಡೂ ಕೈಯಲ್ಲಿ ಆಸ್ಪತ್ರೆಯ ಚೀಲ ಹಿಡಿದು ನಿಂತಲ್ಲೇ ನಿಂತಿದ್ದರು. ಹೆಂಡತಿಗೆ ಇಂಥದ್ದೊಂದು ದನಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಹೆದರಿಕೆಯಾಯಿತು. ಅದರ ಜೊತೆಗೆ, ಇಷ್ಟು ವರ್ಷದಲ್ಲಿ ಆಕೆ ಹೇಳಿದ ಮಾತುಗಳಲ್ಲಿ ತಮ್ಮ ಕಿವಿಗೆ ಪೂರ್ತಿ ಬಿದ್ದದ್ದು ಇದೊಂದೇ ಎಂದೂ ಅನಿಸಿತು.

ಆಮೇಲೆ ಒಂದು ತಿಂಗಳು ಮನೆಯಲ್ಲಿ ಬೇಕಾದಷ್ಟೇ ಮಾತು. ಕೆಳಗೆ ಮಾತ್ರ ಕೆಲಸ ಜೋರು. ಆಕೆ ಕುರ್ಚಿಯ ಮೇಲೆ ಕಾಲು ಚಾಚಿ ಕೂತು ಅಪ್ಪಣೆ ಕೊಡುವುದು, ಸಾರ್ ಪ್ಯಾಂಟು ಮಡಿಸಿಕೊಂಡು ಬಕೆಟ್ಟು ಹೊರುವುದು. ಮರಳು ಏಳು ನೀರಿನಲ್ಲಿ ತೊಳೆದರು. ತಾಮ್ರ ಹೀರಲೆಂದು ಫಿಲ್ಟರಿಗೆ ಇದ್ದಿಲಿನ ಚೀಲ ಹಾಕಿದರು. ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಹಾಕಿದರು. ಅವರಿಗೆ ಏನಾದರೂ ಅನುಮಾನ ಬಂದರೆ ಕೈ ಒದ್ದೆಯಿದ್ದ ಹಾಗೇ ಬಂದು ಕೇಳುತ್ತಿದ್ದರು. ಒಂದು ಪ್ರಶ್ನೆಯನ್ನು ಮೂರು ಸಲ ಕೇಳಿ ಬೈಸಿಕೊಂಡದ್ದೂ ಉಂಟು. ನಾಲ್ಕು ವಾರದ ನಂತರ ನೀರು ಸರಿಯಾಗಿದೆ ಅನ್ನಿಸಿ, ಟಬ್ಬಿನಲ್ಲಿದ್ದ ಹನ್ನೊಂದು ಸೀಗಡಿ, ಮೂರು ಬಸವನಹುಳುಗಳನ್ನು ತಿರುಗಿ ತೊಟ್ಟಿಗೆ ಬಿಟ್ಟರು. ಬೆಳಗಿನ ಊಟದ ಕೆಲಸ ಅವರಿಗೇ ಬಿತ್ತು. ಆಕೆಯ ಮಂಡಿ ಇನ್ನೂ ಬೆಳಗಿನ ಹೊತ್ತು ಬಗ್ಗುತ್ತಿರಲಿಲ್ಲ.

ಐದನೇ ಬೆಳಿಗ್ಗೆ ಬಿಲ್ಲೆ ಬಿಡಲು ಹೋದವರಿಗೆ ಮರಳಿನ ಮೇಲೆ ಒಂದು ಬಿಳಿಯ ದೇಹ ಕಂಡಿತು. ಮೀಸೆ, ಕಾಲು, ಬಾಲ ಎಲ್ಲ ಇದೆ. ಜೀವ ಇಲ್ಲ. ಇವತ್ತು ಏನು ಹಾಕಿದೆ? ಏನೂ ಹಾಕಿಲ್ಲ. ಕೈ ಸೋಪಿನಿಂದ ತೊಳೆದಿದ್ದೆನೇ? ಲಿಫ್ಟಿಗೆ ಕಾಯುವ ತಾಳ್ಮೆ ಇಲ್ಲದೆ ಮೂರು ಮಹಡಿ ಮೆಟ್ಟಿಲು ಹತ್ತಿ, ಬಾಗಿಲು ದೂಡಿ, ಏದುಸಿರು ಬಿಡುತ್ತ, "ಒಂದು ಹೋಯ್ತು ಕಣೇ. ನಾನೇನೂ ಮಾಡಿಲ್ಲ. ಮಾಡಿರಬಹುದು. ಗೊತ್ತಿಲ್ಲ. ಬಾ ಬೇಗ," ಅಂದರು.

ಆಕೆ ಕೋಲು ಹಿಡಿದು ಇಳಿದು ಬಂದರು. ಬಗ್ಗಿ ನೋಡಿದರು. ಚೆಕಿಂಗ್ ಸಾರ್ ಗೋಡೆ ಹಿಡಿದುಕೊಂಡರು.

"ರೀ," ಅಂದರು ಆಕೆ, "ಇದು ಸತ್ತಿಲ್ಲ. ಅಂಗಿ ಬಿಚ್ಚಿಟ್ಟು ಹೋಗಿದೆ. ಬೆಳೀತಾ ಬೆಳೀತಾ ಹಳೇ ಚಿಪ್ಪು ಬಿಗಿಯಾಗುತ್ತೆ, ಕಳಚಿ ಹಾಕ್ತವೆ. ಒಳಗಿದ್ದೋನು ಮೈ ಮೆತ್ತಗಿದೆ ಅಂತ ಎಲ್ಲೋ ಬಚ್ಚಿಟ್ಕೊಂಡಿದಾನೆ."

"ಅಂಗಿ?"

"ಹೂಂ ರೀ, ಅಂಗಿ!" ಎಂದವರಿಗೆ ಅವರ ಮುಖ ನೋಡಿ ತಡೆಯಲಾಗಲಿಲ್ಲ. ನಗು ಬಂತು. ಕೋಲು ಅಲುಗಾಡುವಷ್ಟು, ಕಣ್ಣಲ್ಲಿ ನೀರು ಬರುವಷ್ಟು. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಏನಾಯಿತೆಂದು ಬಾಗಿಲಿಗೆ ಬಂದು ನಿಂತಳು.

ಚೆಕಿಂಗ್ ಸಾರ್‌ಗೆ ನಗು ಬರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ಉಸಿರು ಹದಕ್ಕೆ ಬಂದ ಮೇಲೆ, "ಆ ಚಿಪ್ಪು ತೆಗೀಲೋ, ಬಿಡಲೋ?" ಎಂದು ಕೇಳಿದರು.

"ಬಿಡಿ. ಅವೇ ತಿಂತವೆ," ಅಂದರು ಆಕೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.